ಕೂಲಿ ಕೊಟ್ಟು ಮಾಡಿದ ಕೂಲಿ

ಇಂಗ್ಲೆಂಡಿನಿಂದ ಹಿಂದಿರುಗಿದ ಮರುದಿನ ಸಂಜೆ ನಮ್ಮ ವೆಂಕಟೇಶಯ್ಯನವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ನಮ್ಮ ಎಂದಿನ ಬೆಂಚಿನಲ್ಲಿ ಕುಳಿತು ಎರಡೂ ಅಂಗೈಗಳನ್ನು ಮೇಲೆ ಮಾಡಿ ತೋರಿಸಿದರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ರಬ್ಬರ್ ಮೊಹರಿಗಿಂತ ಭಾರವಾದುದನ್ನು ಎತ್ತಿರದ ಆ ಕೈಗಳಲ್ಲಿ ಬೊಕ್ಕೆಗಳೆದ್ದು ಒಣಗಿದ ಗುರುತುಗಳಿದ್ದವು.

“ಬಾಣಂತನಕ್ಕೆ ಹೋದವರ ಕೈ ಹೀಗಾಗುವುದುಂಟೇ?” ಎಂದು ಪ್ರಭಾಕರ ರಾಯರು ಕನ್ನಡಕ ಏರಿಸಿಕೊಂಡರು. ಅವರು ನಿವೃತ್ತರಾದದ್ದು ಲೆಕ್ಕ ತಪಾಸಣೆಯ ಇಲಾಖೆಯಿಂದ. ಇಲಾಖೆ ಅವರನ್ನು ಬಿಟ್ಟಿತೇ ಹೊರತು ಅವರು ಇಲಾಖೆಯನ್ನು ಬಿಟ್ಟಿಲ್ಲ.

ಬಾಣಂತನ ಮಾಡಿದ್ದು ಶಾರದಮ್ಮನವರಂತೆ. ನ್ಯೂಕಾಸಲ್‌ನಲ್ಲಿರುವ ಮಗಳು, ಅಪ್ಪ ಮನೆಯಲ್ಲೇ ಉಳಿದರೆ ಮಗುವಿಗೆ ಎಣ್ಣೆ ಎಷ್ಟು ಹಚ್ಚಬೇಕೆಂಬುದರಿಂದ ಹಿಡಿದು ತೊಟ್ಟಿಲು ಯಾವ ದಿಕ್ಕಿಗಿರಬೇಕೆಂಬುದರವರೆಗೆ ಸಲಹೆ ಕೊಡುತ್ತಾರೆಂಬುದನ್ನು ತಿಂಗಳುಗಳ ಮೊದಲೇ ಊಹಿಸಿ, ಹತ್ತಿರದ ವಿಂಡೊಲಾಂಡ ಎಂಬ ರೋಮನ್ ಕೋಟೆಯ ಉತ್ಖನನಕ್ಕೆ ಸ್ವಯಂಸೇವಕರೆಂದು ಅವರ ಹೆಸರನ್ನು ನೋಂದಾಯಿಸಿಬಿಟ್ಟಿದ್ದಳು. ಹೇಡ್ರಿಯನ್ ಚಕ್ರವರ್ತಿ ಕ್ರಿ.ಶ. 122ರಲ್ಲಿ ಕಟ್ಟಿಸಲಾರಂಭಿಸಿದ ಉದ್ದನೆಯ ಗೋಡೆಯ ಪಕ್ಕದಲ್ಲಿ, ಆ ಗೋಡೆಗಿಂತಲೂ ಹಳೆಯದಾದ ಸೈನಿಕರ ಠಾಣ್ಯ ಅದು. 1970ರಿಂದ ಅದಕ್ಕೊಂದು ಟ್ರಸ್ಟ್ ಇದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಊರೂರುಗಳ ಜನ ಎರಡೆರಡು ವಾರದ ಸರದಿಯಲ್ಲಿ ಬಂದು ಅಗೆಯುತ್ತಾರೆ.

“ದಿನಭತ್ಯೆ ಎಷ್ಟು?” ಎಂದರು ರಾಯರು.

“ಭತ್ಯೆಯೇ? ಶುಲ್ಕ ನಾವೇ ಕಟ್ಟಬೇಕು. ವಸತಿ, ಊಟವೂ ನಮ್ಮದೇ. ಆದರೂ ಜಾಗ ಸಿಗುವುದು ಕಷ್ಟ.”

ಅಷ್ಟು ಹೊತ್ತು ಕಡಲೆಕಾಯಿ ಸುಲಿಯುತ್ತಿದ್ದ ನಿಂಗಣ್ಣ ಮೇಷ್ಟ್ರು ಕೈ ನಿಲ್ಲಿಸಿದರು. ಅವರದು ಮೊಳಕಾಲ್ಮೂರು ಸೀಮೆ. “ಸ್ವಾಮಿ, 1947ರಲ್ಲಿ ನಮ್ಮ ಬ್ರಹ್ಮಗಿರಿಯನ್ನು ಮಾರ್ಟಿಮರ್ ವೀಲರ್ ಅಗೆಸಿದಾಗ ನಮ್ಮಜ್ಜ ಮಂಕರಿ ಹೊತ್ತಿದ್ದ. ಇಂಗ್ಲೆಂಡಿನ ದೊರೆ ಬಂದು ನಮ್ಮಜ್ಜನಿಗೆ ಕೂಲಿ ಕೊಟ್ಟು ನಮ್ಮ ಮಣ್ಣು ತೆಗೆಸಿದ. ನೀವು ಇಂಗ್ಲೆಂಡಿಗೆ ಹೋಗಿ, ಅವರಿಗೇ ಕೂಲಿ ಕೊಟ್ಟು, ಅವರ ಮಣ್ಣು ಹೊತ್ತು ಬಂದಿದ್ದೀರಿ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಪ್ರಗತಿ ಸಾಮಾನ್ಯವಾದದ್ದಲ್ಲ.”

ವೆಂಕಟೇಶಯ್ಯನವರು ಬಗ್ಗಲಿಲ್ಲ. ಅದೇ ವೀಲರ್ 1944ರಲ್ಲಿ ತಕ್ಷಶಿಲೆಯಲ್ಲಿ ವಿದ್ಯಾರ್ಥಿಗಳಿಗೆ ಉತ್ಖನನದ ಶಾಲೆಯನ್ನೇ ನಡೆಸಿ, ಚೌಕ ಚೌಕವಾಗಿ ಗುಂಡಿ ತೋಡಬೇಕು, ನಡುವೆ ಮಣ್ಣಿನ ಗೋಡೆ ಉಳಿಸಿಕೊಳ್ಳಬೇಕು, ಆ ಗೋಡೆಯ ಮೈಯಲ್ಲಿ ಕಾಣುವ ಪದರಗಳನ್ನು ಓದಬೇಕು ಎಂದು ಕಲಿಸಿದ್ದನ್ನು ನೆನಪಿಸಿ, ತಾವು ಆ ಪರಂಪರೆಗೆ ಸೇರಿದವರೆಂಬ ಧಾಟಿಯಲ್ಲಿ ಶಾಲನ್ನು ಸರಿಪಡಿಸಿಕೊಂಡರು.

“ಬೇಸಿಗೆಯಲ್ಲಿ ಅಗೆಯುವುದೇ? ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಗುದ್ದಲಿಯ ಕಾವು ಹಿಡಿದರೆ ಕೈ ಸುಡುತ್ತದೆ” ಎಂದೆ ನಾನು.

“ಅಲ್ಲಿಯ ಜುಲೈ ತಿಂಗಳೆಂದರೆ ನಮ್ಮ ಮಡಿಕೇರಿಯ ಆಷಾಢ. ಬೇಸಿಗೆಯೆಂದು ಅವರು ಪ್ರೀತಿಯಿಂದ ಕರೆಯುತ್ತಾರೆ, ಅಷ್ಟೇ.”

ಮೊದಲ ದಿನವೇ ಅವರಿಗೆ ಕೊಟ್ಟದ್ದು ಗಾರೆಯವರು ಹಿಡಿಯುವಂಥ ಸಣ್ಣ ಕರಣೆ, ಒಂದು ಬಕೆಟ್ಟು ಮತ್ತು ಮಂಡಿಯೂರಲು ಒಂದು ಮೆತ್ತೆ. ಕರಣೆಯ ಅಂಚಿನಿಂದ ಮಣ್ಣನ್ನು ತನ್ನತ್ತ ಕೆರೆದುಕೊಳ್ಳಬೇಕೇ ವಿನಾ ಕುಕ್ಕಬಾರದು. ಏನಾದರೂ ತಲೆಯೆತ್ತಿದರೆ ಎಳೆಯಬಾರದು, ಮೇಲ್ವಿಚಾರಕರನ್ನು ಕರೆಯಬೇಕು, ಏಕೆಂದರೆ ವಸ್ತುವಿಗಿಂತ ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತೆಂಬುದೇ ಮುಖ್ಯ. ಬಕೆಟ್ಟು ತುಂಬಿದೊಡನೆ ಒಂಟಿಚಕ್ರದ ಗಾಡಿಗೆ ಸುರಿದು, ಹಲಗೆಯ ಮೇಲೆ ತಳ್ಳಿಕೊಂಡು ಮಣ್ಣಿನ ದಿಬ್ಬಕ್ಕೆ ಹಾಕಬೇಕು. ಮಳೆ ಜೋರಾದರೆ ಹಲ್ಲುಜ್ಜುವ ಬ್ರಷ್ಷಿನಿಂದ ಮಡಕೆಚೂರು ತೊಳೆಯುವ ಕೆಲಸ. ಕೆಲಸ ಮುಗಿದ ಗುಂಡಿಯನ್ನು ಎಷ್ಟೋ ಸಲ ಮತ್ತೆ ಮುಚ್ಚುವುದೂ ಶಾಸ್ತ್ರದ ಭಾಗವೇ ಎಂದಾಗ ರಾಯರ ಮುಖದಲ್ಲಿ ಗಂಭೀರವಾದ ಆಕ್ಷೇಪಣೆಯೊಂದು ಮೂಡಿತು.

“ತೆಗೆದದ್ದನ್ನು ಮುಚ್ಚುವುದಾದರೆ ಸಿಕ್ಕಿದ್ದೇನು?”

ವೆಂಕಟೇಶಯ್ಯನವರಿಗೆ ಸಿಕ್ಕಿದ್ದು ಏಳು ಮಡಕೆಚೂರು ಮತ್ತು ಎತ್ತಿನದೆಂದು ಊಹಿಸಲಾದ ಒಂದು ಮೂಳೆ. ಆದರೆ ಆ ಸ್ಥಳದ ಒಟ್ಟು ಆಸ್ತಿಯನ್ನು ಅವರು ಸ್ವಂತ ಠೇವಣಿಯಂತೆ ಎಣಿಸಿದರು. ಹಳೆಯ ಕೋಟೆಯ ಮೇಲೆ ಜೇಡಿ ಹಾಸಿ ಹೊಸ ಕೋಟೆ ಕಟ್ಟುತ್ತಾ ಹೋದದ್ದರಿಂದ ಕೆಳಗಿನ ಪದರಗಳಿಗೆ ಗಾಳಿ ತಾಗದೆ, ಮರ, ಚರ್ಮಗಳೂ ಕೊಳೆಯದೆ ಉಳಿದಿವೆ. ಹೀಗಾಗಿ ಚರ್ಮದ ಪಾದರಕ್ಷೆಗಳೇ ಐದು ಸಾವಿರಕ್ಕೂ ಹೆಚ್ಚು. 2014ರಲ್ಲಿ ಮರದ ಶೌಚಾಸನವೂ ಸಿಕ್ಕಿತು. ಎಲ್ಲಕ್ಕಿಂತ ಮಿಗಿಲಾದವು 1973ರಿಂದ ಸಿಗುತ್ತಿರುವ, ಶಾಯಿಯಲ್ಲಿ ಬರೆದ ತೆಳು ಮರದ ಓಲೆಗಳು.

“ಓಲೆಗಳಲ್ಲಿ ಏನಿದೆ? ರಾಜಶಾಸನವೇ?” ಎಂದು ಮೇಷ್ಟ್ರು ಆಸೆಯಿಂದ ಕೇಳಿದರು.

“ಒಂದರಲ್ಲಿ, ಕಾಲುಚೀಲಗಳನ್ನೂ ಎರಡು ಜೊತೆ ಚಪ್ಪಲಿಯನ್ನೂ ಎರಡು ಒಳಚಡ್ಡಿಗಳನ್ನೂ ಕಳುಹಿಸಿರುವುದಾಗಿ ಯಾರೋ ಬರೆದಿದ್ದಾರೆ. ಇನ್ನೊಂದರಲ್ಲಿ ಒಬ್ಬ ದಳದ ಅಧಿಕಾರಿ, ಹುಡುಗರ ಬಳಿ ಬಿಯರ್ ಮುಗಿದಿದೆ, ಕಳುಹಿಸಲು ಅಪ್ಪಣೆಯಾಗಲಿ ಎಂದಿದ್ದಾನೆ.”

ಮೇಷ್ಟ್ರು ನಿಟ್ಟುಸಿರಿಟ್ಟರು. “ನಮ್ಮ ಬ್ರಹ್ಮಗಿರಿಯಲ್ಲಿ ಅಶೋಕ ತಂದೆತಾಯಿಯ ಮಾತು ಕೇಳಿರಿ, ಸತ್ಯವನ್ನು ನುಡಿಯಿರಿ ಎಂದು ಬಂಡೆಯ ಮೇಲೆ ಕೆತ್ತಿಸಿದ. ನಿಮ್ಮವರು ಚಡ್ಡಿಯ ಲೆಕ್ಕ ಬರೆದಿಟ್ಟರು.”

“ಲೆಕ್ಕ ಬರೆದದ್ದು ಒಳ್ಳೆಯದೇ” ಎಂದು ರಾಯರು ಮೊದಲ ಬಾರಿಗೆ ರೋಮನ್ನರ ಪಕ್ಷ ವಹಿಸಿದರು.

ಕ್ರಿ.ಶ. 100ರ ಸುಮಾರಿನಲ್ಲಿ ಕ್ಲಾಡಿಯಾ ಸೆವೆರಾ ಎಂಬಾಕೆ ಸುಲ್ಪಿಸಿಯಾ ಲೆಪಿಡಿನಾ ಎಂಬ ಗೆಳತಿಯನ್ನು ಸೋದರಿಯೆಂದು ಕರೆದು, ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಆಹ್ವಾನಿಸಿದ ಓಲೆಯ ವಿಷಯವನ್ನು ವೆಂಕಟೇಶಯ್ಯನವರು ಹೇಳುವಾಗ ಮಾತ್ರ ನಾವೆಲ್ಲರೂ ಸುಮ್ಮನಾದೆವು. ಬರೆಹಗಾರನೊಬ್ಬ ಬರೆದುಕೊಟ್ಟ ಓಲೆಯ ಕೊನೆಯಲ್ಲಿ ಆಕೆ ತನ್ನ ಕೈಯಾರೆ ಎರಡು ಸಾಲು ಸೇರಿಸಿದ್ದಾಳಂತೆ.

“ಆಶೀರ್ವಾದವೇ ಉಡುಗೊರೆ ಎಂದು ಅಡಿಯಲ್ಲಿ ಹಾಕಿಸಿದ್ದಳೇ?” ಎಂದು ರಾಯರು ಕೇಳಿದ್ದರಿಂದ ಮೌನ ಮುರಿಯಿತು.

ಮುಂದಿನ ಭಾನುವಾರ ನಾವು ಮೂವರೂ ಅವರ ಮನೆಗೆ ಹೋದೆವು. ಕರಿಬೇವಿನ ಸಸಿ ನೆಡಲು ಹಿತ್ತಿಲಿನಲ್ಲಿ ಒಂದು ಗುಂಡಿ ತೋಡಿಕೊಡಿರೆಂದು ಶಾರದಮ್ಮನವರು ಬುಧವಾರವೇ ಹೇಳಿದ್ದರು. ನಾಲ್ಕು ಮೂಲೆಗೂ ಗೂಟ ಹೊಡೆದು, ದಾರ ಕಟ್ಟಿ, ವೆಂಕಟೇಶಯ್ಯನವರು ಶಾರದಮ್ಮನವರ ಪೂಜೆಯ ಮಣೆಯ ಮೇಲೆ ಮಂಡಿಯೂರಿ ಕೆರೆಯುತ್ತಿದ್ದರು. ನಾಲ್ಕು ದಿನಗಳಲ್ಲಿ ಗುಂಡಿ ಮೂರು ಬೆರಳು ಆಳವಾಗಿತ್ತು. ಸಸಿ ಕವರಿನಲ್ಲೇ ಬಾಡುತ್ತಿತ್ತು. ಪಕ್ಕದ ಮೊರದಲ್ಲಿ ಒಂದು ಸೋಡಾ ಬಾಟಲಿಯ ಮುಚ್ಚಳ, ಎರಡು ಬೋಕಿ ಮತ್ತು ಒಂದು ಸ್ಟೀಲ್ ಚಮಚ, ಪ್ರತಿಯೊಂದೂ ಪ್ಲಾಸ್ಟಿಕ್ ಕವರಿನೊಳಗೆ, ಪದರ ಸಂಖ್ಯೆ ಮತ್ತು ದಿನಾಂಕದ ಚೀಟಿಯೊಂದಿಗೆ ಇದ್ದವು.

ಕಾಫಿ ತಂದ ಶಾರದಮ್ಮನವರು ತಟ್ಟೆ ಹಿಡಿದುಕೊಂಡೇ ಮೊರದೊಳಗೆ ಬಗ್ಗಿ ನೋಡಿದರು. ಹಿಡಿಯಲ್ಲಿ ಬಳ್ಳಿಯ ಚಿತ್ತಾರವಿದ್ದ ಆ ಚಮಚವನ್ನು ನಾವೂ ನೋಡಿದೆವು. ತವರಿನಿಂದ ಬಂದ ಹನ್ನೆರಡು ಚಮಚಗಳ ಸೆಟ್ಟಿನಲ್ಲಿ ಒಂದು ಕಾಣೆಯಾಗಿದ್ದು, ಅದು ವೆಂಕಟೇಶಯ್ಯನವರ ತಂಗಿಯ ಚೀಲದಲ್ಲಿ ಅರಸೀಕೆರೆಗೆ ಹೋಯಿತೆಂಬ ಕಥೆಯನ್ನು ನಾವು ಇಪ್ಪತ್ತು ವರ್ಷಗಳಿಂದ ಇದೇ ಮನೆಯಲ್ಲಿ ಕಾಫಿಯ ಜೊತೆಗೆ ಕೇಳುತ್ತಾ ಬಂದಿದ್ದೆವು.

“ಎರಡನೆಯ ಪದರದಲ್ಲಿ ಸಿಕ್ಕಿತು, ಶಾರದಾ” ಎಂದರು ವೆಂಕಟೇಶಯ್ಯನವರು, ಕರಣೆಯನ್ನು ಒರೆಸಿಕೊಳ್ಳುತ್ತಾ. “ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದ್ದೇನೆ. ನಮ್ಮ ಅಡುಗೆಮನೆಯ ಮುಸುರೆ ನೀರು ಬಂದು ಬೀಳುವ ಜಾಗದಿಂದ ಸರಿಯಾಗಿ ಒಂದು ಮಾರು.”

ಶಾರದಮ್ಮನವರು ಕಾಫಿಯ ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು.

“ಸಸಿಯನ್ನು ಕುಂಡದಲ್ಲೇ ನೆಡೋಣ. ನೀವು ಮೊದಲು ಆ ಗುಂಡಿ ಮುಚ್ಚಿ” ಎಂದು ಹೇಳಿ ಒಳಗೆ ಹೋದರು.