ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಜೋಡಿಸಿದರೆ ಮೂಲೆಯಲ್ಲಿ ಮಯಲಿನ್ ಎರಡೆರಡಾಗಿ ಕಾಣುತ್ತಿದೆ

ಪ್ರಶ್ನೆ:
ಇಲಿಯ ನರದ ಸೆಕ್ಷನ್‌ಗಳನ್ನು (ತೆಳು ಸೀಳುಗಳನ್ನು) ಕಡಿಮೆ ಮ್ಯಾಗ್ನಿಫಿಕೇಶನ್‌ನಲ್ಲಿ ಸಾಲಾಗಿ ತೆಗೆದು ಜೋಡಿಸುತ್ತಿದ್ದೇನೆ. ನಡುಭಾಗ ಚೆನ್ನಾಗಿ ಕೂಡುತ್ತೆ. ಅಂಚಿನಲ್ಲಿ ಮಾತ್ರ ಮಯಲಿನ್ (ನರತಂತುವಿನ ಹೊದಿಕೆ) ಸುತ್ತುಗಳು ಎರಡೆರಡಾಗುತ್ತವೆ, ಮೂಲೆಯಲ್ಲಿ ಹತ್ತು ಹನ್ನೆರಡು ಪಿಕ್ಸೆಲ್ ಆಚೀಚೆ. ಫೋಕಸ್, ಸ್ಟಿಗ್ಮೇಟರ್ (ಚಿತ್ರ ಒಂದು ದಿಕ್ಕಿಗೆ ಎಳೆದಂತಾಗುವುದನ್ನು ಸರಿಪಡಿಸುವ ಸುರುಳಿ) ಸರಿಯಿದೆ, ಬಿಡಿ ಚಿತ್ರ ಚೂಪಾಗಿದೆ. ಅಬರೇಶನ್ ಕರೆಕ್ಟರ್ (ಲೆನ್ಸಿನ ಗೋಳೀಯ ದೋಷ ಸರಿಪಡಿಸುವ ಸಾಧನ) ಇಲ್ಲದ ಯಂತ್ರದಲ್ಲಿ ಹೀಗೇ ಅಂತ ಸೀನಿಯರ್ ಹೇಳಿದರು. ಹೌದಾ ಸರ್?

ಉತ್ತರ 1:
ಇಲ್ಲ. ಅದು ಬೇರೆ ರೋಗ. ದುಂಡನೆಯ ಎಲೆಕ್ಟ್ರಾನ್ ಲೆನ್ಸಿಗೆ ಗೋಳೀಯ ದೋಷ (ಲೆನ್ಸಿನ ಅಂಚಿನ ಕಿರಣಗಳು ನಡುವಿನವುಗಳ ಜೊತೆ ಒಂದೇ ಬಿಂದುವಿಗೆ ಸೇರದಿರುವುದು) ತಪ್ಪಿದ್ದಲ್ಲ ಎಂದು ಭೌತವಿಜ್ಞಾನಿ ಷೆರ್ಜರ್ 1936ರಲ್ಲೇ ತೋರಿಸಿದ್ದರು. ಹೈಡರ್, ರೋಸ್, ಉರ್ಬಾನ್ ತಂಡ 1998ರಲ್ಲಿ ಷಟ್‌ಧ್ರುವ (ಆರು ಧ್ರುವಗಳ) ಲೆನ್ಸುಗಳಿಂದ ಅದನ್ನು ಸರಿಪಡಿಸಿ, 200 ಕೆವಿ (ಕಿಲೋವೋಲ್ಟ್) ಯಂತ್ರ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರವನ್ನು 0.24ರಿಂದ 0.14 ನ್ಯಾನೋಮೀಟರ್‌ಗೆ ಇಳಿಸಿತು. ಆ ದೋಷದಿಂದ ಚಿತ್ರ ಮಸುಕಾಗುತ್ತದೆ. ನಿಮ್ಮದು ಚೂಪಾಗಿದೆ, ಬಿಂದುಗಳು ಜಾಗ ಬಿಟ್ಟಿವೆ ಅಷ್ಟೇ. ಕಾರಣ ಪ್ರೊಜೆಕ್ಟರ್ ಲೆನ್ಸ್, ಅಂದರೆ ಚಿತ್ರವನ್ನು ಕೊನೆಗೆ ಹಿಗ್ಗಿಸಿ ಕ್ಯಾಮೆರಾ ಮೇಲೆ ಬೀಳಿಸುವ ಲೆನ್ಸ್.

ಬಿಂದು ಹೀಗೆ ಸರಿಯುವುದು ಕೇಂದ್ರದಿಂದ ದೂರದ ಘನದಂತೆ (ದೂರ ಎರಡರಷ್ಟಾದರೆ ಎಂಟರಷ್ಟು) ಏರುತ್ತದೆ. ಮೂಲೆಯ ಬಿಂದು 12 ಪಿಕ್ಸೆಲ್ ಸರಿದರೆ ಅರ್ಧ ದಾರಿಯದು ಒಂದೂವರೆ ಮಾತ್ರ. ಅದಕ್ಕೇ ನಡುಭಾಗ ನಮ್ಮನ್ನು ನಂಬಿಸಿಬಿಡುತ್ತದೆ. ನಾನೂ ಎರಡು ವಾರ ಬರೀ ತಿರುಗಿಸಿ, ಹಿಗ್ಗಿಸಿ ಜೋಡಿಸಲು ಹೆಣಗಿದ್ದೆ. ಕೊನೆಗೆ ಮಿಲಿಮೀಟರಿಗೆ 2160 ಗೆರೆಯ ಗ್ರೇಟಿಂಗ್ (ಸಮಾನ ಅಂತರದ ನೇರ ಗೆರೆಗಳ ಅಳತೆ ಮಾದರಿ) ಇಟ್ಟು ನೋಡಿದೆ. ನೇರ ಗೆರೆ ಎಸ್ ಅಕ್ಷರದ ಹಾಗೆ ಬಾಗಿತ್ತು! ಕಾಂತೀಯ ಲೆನ್ಸ್ ಚಿತ್ರವನ್ನು ತಿರುಗಿಸುತ್ತದಲ್ಲ, ಆ ತಿರುವೂ ಅಂಚಿಗೆ ಬೇರೆಯಾಗುತ್ತದೆ.

ಫಿಜಿ ಎಂಬ ಚಿತ್ರ ಸಂಸ್ಕರಣೆ ತಂತ್ರಾಂಶದ ಟ್ರ್ಯಾಕ್‌ಇಎಂ2 ಪ್ಲಗಿನ್‌ನಲ್ಲಿ ಲೆನ್ಸ್ ತಿದ್ದುವ ಸೌಲಭ್ಯವಿದೆ. ಒಂದೇ ಜಾಗವನ್ನು ಮೂರು ಸಾಲು, ಮೂರು ಕಂಬಸಾಲಿನಲ್ಲಿ, ಅರ್ಧರ್ಧ ಒಂದರ ಮೇಲೊಂದು ಬರುವಂತೆ 9 ಚಿತ್ರ ತೆಗೆಯಿರಿ. ಒಂದೇ ಮಯಲಿನ್ ಉಂಗುರ ಒಮ್ಮೆ ನಡುವೆ, ಒಮ್ಮೆ ಮೂಲೆಯಲ್ಲಿ ಬರುವುದರಿಂದ ಲೆನ್ಸ್ ಎಷ್ಟು ಎಳೆದಿದೆ ಎಂದು ಅದು ಲೆಕ್ಕ ಹಾಕುತ್ತದೆ. ಆಮೇಲೆ ಎಲ್ಲ ಚಿತ್ರಕ್ಕೂ ಅದೇ ತಿದ್ದುಪಡಿ.

ಉತ್ತರ 2:
ಒಂದು ಎಚ್ಚರಿಕೆ. ಸೆಕ್ಷನ್ ಕೂಡ ಎಲೆಕ್ಟ್ರಾನ್ ಬೀಮ್ ಬಿದ್ದರೆ ಕುಗ್ಗುತ್ತದೆ. ಲೆನ್ಸ್ ದೋಷವಾದರೆ ಪ್ರತಿ ಚಿತ್ರದಲ್ಲೂ ಅದೇ ಮೂಲೆ, ಅದೇ ದಿಕ್ಕು. ಚಿತ್ರದಿಂದ ಚಿತ್ರಕ್ಕೆ ಬದಲಾದರೆ ಸೆಕ್ಷನ್ನಿನದು. ಮೊದಲು ಸ್ವಲ್ಪ ಹೊತ್ತು ಬೀಮ್ ಹಾಯಿಸಿ ಅದು ನೆಲೆಯಾಗಲು ಬಿಡಿ.

ಕೇಳಿದವರು:
ಎಲ್ಲ ಚಿತ್ರದಲ್ಲೂ ಅದೇ ಮೂಲೆ, ಅದೇ ದಿಕ್ಕು. 9 ಚಿತ್ರ ತೆಗೆದು ತಿದ್ದಿದೆ, ಈಗ ಮೂಲೆಯಲ್ಲೂ ಒಂದು ಪಿಕ್ಸೆಲ್ ಒಳಗೇ ಇದೆ. ಮ್ಯಾಗ್ನಿಫಿಕೇಶನ್ ಬದಲಿಸಿದರೆ ಇದೇ ತಿದ್ದುಪಡಿ ನಡೆಯುತ್ತಾ?

ಉತ್ತರ 1:
ನಡೆಯಲ್ಲ. ಲೆನ್ಸ್ ಕರೆಂಟ್ ಬದಲಾಯಿತು ಅಂದರೆ ಹೊಸದಾಗಿ 9 ತೆಗೆಯಲೇಬೇಕು.