ಆರ್‌ಡಿ 350ಯ ಕಾರ್ಬೊರೇಟರ್ ರಬ್ಬರ್: ತೂತು ಕೂಡಿತು, ಕಾರ್ಬೊರೇಟರ್ ಕೂಡಲಿಲ್ಲ

ಪ್ರಶ್ನೆ (ಹಾಸನದಿಂದ):
ನಮಸ್ಕಾರ ಸರ್. ಸೋದರಮಾವ ನನಗೆ ಬಿಟ್ಟುಹೋದ 1986ರ ರಾಜ್‌ದೂತ್ ಯಮಹಾ ಆರ್‌ಡಿ 350 ಬೈಕ್ ಇದೆ, ಎರಡು ಸಿಲಿಂಡರಿನದು. ಎರಡು ತಿಂಗಳಿಂದ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಕ್ಷಣ ಇಳಿಯುವುದಿಲ್ಲ, ಒಂದಷ್ಟು ಹೊತ್ತು ಕೂಗಿ ಆಮೇಲೆ ತಗ್ಗುತ್ತದೆ. ಬಲಗಡೆಯ ಪ್ಲಗ್ ಕಂದು ಬಣ್ಣಕ್ಕಿದೆ, ಎಡಗಡೆಯದು ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಸೀಳಿದೆ ಎಂದರು ನಮ್ಮ ಮೇಸ್ತ್ರಿ. ಒಂದು ಅಂಗಡಿಯಲ್ಲಿ ‘ಆರ್‌ಡಿಯದೇ’ ಎಂದು ಕೊಟ್ಟ ಜೋಡಿ ತಂದೆ. ಬೋಲ್ಟಿನ ತೂತು ಸರಿಯಾಗಿ ಕೂಡುತ್ತವೆ, ಆದರೆ ಕಾರ್ಬೊರೇಟರ್ ಒಳಗೆ ಅಲುಗಾಡುತ್ತದೆ. ಕ್ಲಿಪ್ ಬಿಗಿಮಾಡಿದರೆ ಸಾಕೇ? ಇಲ್ಲವೇ ಆರ್‌ಎಕ್ಸ್ 100ರ ರಬ್ಬರ್ ಹಾಕಬಹುದೇ?

ಉತ್ತರ:
ಮೊದಲು ಗಾಡಿಯನ್ನು ರಸ್ತೆಗೆ ಇಳಿಸುವುದನ್ನು ನಿಲ್ಲಿಸಿ. ಸೀಳಿನಿಂದ ಕಳ್ಳಗಾಳಿ ಒಳಗೆ ಹೋದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಬಿಸಿ ಏರುತ್ತದೆ, ಪಿಸ್ಟನ್ ಹಿಗ್ಗಿ ಬೋರನ್ನು, ಅಂದರೆ ಸಿಲಿಂಡರಿನ ಒಳಗೋಡೆಯನ್ನು, ಕಚ್ಚುತ್ತದೆ. ನನ್ನ ಗ್ಯಾರೇಜಿನ ಮೇಜಿನ ಮೇಲೆ ಇದೇ ಮಾದರಿಯ ಎರಡು ಪಿಸ್ಟನ್‌ಗಳಿವೆ, ಎರಡೂ ಒಂದೇ ಗಾಡಿಯವು. ಒಂದು ಇನ್ನೂ ಹೊಳೆಯುತ್ತದೆ. ಇನ್ನೊಂದರ ಮೈಮೇಲೆ ಉಗುರಿನಿಂದ ಕೆರೆದ ಹಾಗೆ ಉದ್ದುದ್ದ ಗೀರುಗಳಿವೆ, ಅಲ್ಯೂಮಿನಿಯಂ ಕರಗಿ ರಿಂಗನ್ನೇ ಮುಚ್ಚಿದೆ. ರಬ್ಬರಿನಲ್ಲಿ ಬೆರಳಿನ ಗೆಣ್ಣಷ್ಟು ಉದ್ದದ ಸೀಳಿತ್ತು, ಅಷ್ಟೇ.

ಎಡಗಡೆ ಮಾತ್ರ ಬೆಳ್ಳಗಿದೆ ಎಂದಿರಿ, ಅದು ಪೆಟ್ರೋಲ್ ಸಾಲದ ಗುರುತು. ಈ ಇಂಜಿನ್ನಿನಲ್ಲಿ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಭಾಗ) ಇರುವುದು ಎಡಕ್ಕೆ, ಕ್ಲಚ್ ಬಲಕ್ಕೆ. ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕಿನ ತುದಿಯಲ್ಲಿ ಗಾಳಿ ತಡೆಯುವ ಬಳೆ) ಹೋದರೂ ಲಕ್ಷಣ ಹೀಗೆಯೇ ಇರುತ್ತದೆ. ಆದ್ದರಿಂದ ಹಣ ಹಾಕುವ ಮೊದಲು ಹಳೆಯ ರಬ್ಬರನ್ನೇ ಮತ್ತೆ ಕೂರಿಸಿ, ಇಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು, ರಬ್ಬರಿನ ಸುತ್ತ ಸೋಪಿನ ನೀರನ್ನು ಸಣ್ಣಗೆ ಸಿಂಪಡಿಸಿ. ಸದ್ದು ಬದಲಾದರೆ ಸೋರಿಕೆ ಅಲ್ಲೇ ಇದೆ. ಬದಲಾಗದಿದ್ದರೆ ಸೀಲ್ ನೋಡಿಸಿ. ದಯವಿಟ್ಟು ಪೆಟ್ರೋಲ್ ಸಿಂಪಡಿಸಬೇಡಿ. ಬಿಸಿ ಇಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ.

ಕ್ಲಿಪ್ ಬಿಗಿಮಾಡಿ ಸರಿಮಾಡಲು ಹೋಗಬೇಡಿ. ಸಡಿಲ ರಬ್ಬರನ್ನು ಹಿಸುಕಿದರೆ ಒಂದು ಕಡೆ ಮಡಿಕೆ ಬೀಳುತ್ತದೆ, ಆ ಮಡಿಕೆಯೇ ಗಾಳಿಗೆ ದಾರಿ. ಆರ್‌ಎಕ್ಸ್ 100ರದು ಬೇಡವೇ ಬೇಡ, ಅದರ ಕಾರ್ಬೊರೇಟರ್ ಇದಕ್ಕಿಂತ ಚಿಕ್ಕದು, ರಬ್ಬರೂ ಚಿಕ್ಕದು.

ಅಂಗಡಿಯವರು ನೋಡಿದ್ದು ಇಂಜಿನ್ ಕಡೆಯ ತೂತುಗಳನ್ನು ಮಾತ್ರ. ಮೂವತ್ತೈದು ವರ್ಷಕ್ಕೂ ಹಳೆಯ ಗಾಡಿಯಲ್ಲಿ ಕಾರ್ಬೊರೇಟರ್ ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು? ಎಚ್‌ಟಿ (ಹೈ ಟಾರ್ಕ್) ಎಂದೋ ಎಲ್‌ಟಿ (ಲೋ ಟಾರ್ಕ್) ಎಂದೋ ಗಾಡಿಯ ಮಾದರಿ ಹೇಳಿ ರಬ್ಬರ್ ಕೇಳಿದರೆ ಸಾಲದು, ಅಳತೆ ಹೇಳಿ ಕೇಳಿ. ವರ್ನಿಯರ್ ಕ್ಯಾಲಿಪರ್ ಹಿಡಿದು, ರಬ್ಬರಿನೊಳಗೆ ಕೂರುವ ಕಾರ್ಬೊರೇಟರಿನ ಬಾಯಿಯ ಹೊರವ್ಯಾಸವನ್ನು ಅಳೆಯಿರಿ. ಹಳೆಯ ರಬ್ಬರಿನ ಒಳವ್ಯಾಸ ಅಳೆಯಬೇಡಿ, ಅದು ಗಟ್ಟಿಯಾಗಿ ಆಕಾರ ಕೆಟ್ಟಿರುತ್ತದೆ. ಆಮೇಲೆ ಬೋಲ್ಟಿನಿಂದ ಬೋಲ್ಟಿಗೆ, ನೇರಕ್ಕೂ ಮೂಲೆಯಿಂದ ಮೂಲೆಗೂ ಇರುವ ದೂರ. ಕೊನೆಗೆ ಇಂಜಿನ್ನಿಗೆ ಬೋಲ್ಟ್ ಹಾಕುವ ತಟ್ಟೆಯ ಮುಖದಿಂದ ಕಾರ್ಬೊರೇಟರ್ ತಾಗುವ ಅಂಚಿನವರೆಗಿನ ಉದ್ದ ಮತ್ತು ಓರೆ. ಉದ್ದ ತಪ್ಪಿದರೆ ಹಿಂದಿನ ಏರ್ ಫಿಲ್ಟರಿನ ಕೊಳವೆ ಕೂಡುವುದಿಲ್ಲ. ಓರೆ ತಪ್ಪಿದರೆ ಕಾರ್ಬೊರೇಟರ್ ವಾಲಿ, ಒಳಗಿನ ಪೆಟ್ರೋಲನ್ನು ಅಳತೆಯಲ್ಲಿಡುವ ಫ್ಲೋಟಿನ ಮಟ್ಟವೇ ತಪ್ಪುತ್ತದೆ.

ನಮ್ಮ ಗಾಡಿಗೆ ಮೂಲ 1973ರಿಂದ 1975ರವರೆಗೆ ಹೊರದೇಶಗಳಲ್ಲಿ ಮಾರಾಟವಾದ ಆರ್‌ಡಿ 350. ಅದಕ್ಕೆಂದು ತಯಾರಿಸಿದ ರಬ್ಬರುಗಳಲ್ಲೂ ಹುಡುಕಿ. ಯಮಹಾ ಬಿಡಿಭಾಗದ ಸಂಖ್ಯೆಯಲ್ಲಿ ಮೊದಲ ಮೂರು ಅಕ್ಷರ ಆ ಭಾಗ ಮೊದಲು ಹುಟ್ಟಿದ ಮಾದರಿಯದು, ನಡುವಿನ ಐದು ಅಂಕೆ ಅದು ಯಾವ ಭಾಗ ಎಂಬುದಕ್ಕೆ. ನಡುವಿನ ಅಂಕೆ ಒಂದೇ ಆಗಿದೆ ಎಂದು ಕೊಳ್ಳಬೇಡಿ, ಬೇರೆ ಮಾದರಿಯ ರಬ್ಬರಿಗೂ ಅದೇ ಅಂಕೆ ಇರಬಹುದು.

ದಾವಣಗೆರೆಯ ಸದಸ್ಯೆಯೊಬ್ಬರ ಪ್ರಶ್ನೆ:
ಸರ್, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಲಿಕಾನ್ ಕೊಳವೆ ಬೇಕಾದ ಅಳತೆಗೆ ಸಿಗುತ್ತದೆ. ಅದನ್ನೇ ಕತ್ತರಿಸಿ ಹಾಕಿದರೆ ಆಗದೇ? ಸೀಳಿಗೆ ಸಿಲಿಕಾನ್ ಪೇಸ್ಟ್ ಹಚ್ಚಿದವರನ್ನೂ ನೋಡಿದ್ದೇನೆ.

ಉತ್ತರ:
ಎರಡೂ ಬೇಡ, ಅಮ್ಮ. ಆ ಕೊಳವೆ ರೇಡಿಯೇಟರ್ ನೀರಿಗೆ ಮಾಡಿದ್ದು. ಪೆಟ್ರೋಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಪೇಸ್ಟ್ ಕೂಡ ಪೆಟ್ರೋಲಿಗೆ ಬಿಟ್ಟುಕೊಂಡು ಚೂರುಚೂರಾಗಿ ಒಳಗೆ ಹೋಗುತ್ತದೆ. ಒಂದು ಗಾಡಿಯ ರೀಡ್ ವಾಲ್ವಿನ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ಕವಾಟ) ಎಲೆಯಡಿ ಅಂಥದ್ದೇ ಕಡಲೆಬೇಳೆಯಷ್ಟು ತುಂಡನ್ನು ಚಿಮಟಿಗೆಯಿಂದ ಕಿತ್ತಿದ್ದೇನೆ. ನೈಟ್ರೈಲ್ ರಬ್ಬರ್ ಕೇಳಿ. ಈಗ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿರುವುದರಿಂದ ಕಳಪೆ ರಬ್ಬರ್ ಬೇಗ ಬಣ್ಣ ತೋರಿಸುತ್ತದೆ. ಹೊಸ ರಬ್ಬರಿನ ಅಂಚಿನಲ್ಲಿ ಉಳಿದಿರುವ ಎಳೆಯನ್ನು ಬ್ಲೇಡಿನಿಂದ ತೆಗೆದು, ಮುಚ್ಚಳವಿರುವ ಗಾಜಿನ ಶೀಶೆಯಲ್ಲಿ ಎರಡು ದಿನ ಪೆಟ್ರೋಲಿನಲ್ಲಿ ನೆನೆಹಾಕಿ. ಅಂಟಂಟಾದರೆ ಅಥವಾ ಚೆನ್ನಾಗಿ ಊದಿಕೊಂಡರೆ ಆ ಜೋಡಿ ಬೇಡ.

ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಲೋಹದ ಮುಖ ಸೊಟ್ಟಗಿದ್ದರೆ ಗಾಜಿನ ಮೇಲೆ ಎಮರಿ ಪೇಪರ್ ಹರಡಿ ಉಜ್ಜಿ ಸಮಮಾಡಿ. ರಬ್ಬರ್ ಗಟ್ಟಿ ಎನಿಸಿದರೆ ಬಿಸಿನೀರಿನಲ್ಲಿ ಅದ್ದಿ. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಬೋಲ್ಟ್ ಕೂರುವ ಅಲ್ಯೂಮಿನಿಯಂ ತೂತಿನ ಮರೆ (ಥ್ರೆಡ್) ಕಿತ್ತುಬಂದರೆ ಕೆಲಸ ದುಪ್ಪಟ್ಟು.

ಹಾಸನದಿಂದ, ಎರಡು ವಾರದ ನಂತರ:
ಸರ್, ಸೋಪಿನ ನೀರಿಗೆ ಸದ್ದು ಬದಲಾಯಿತು. ಅಳತೆ ಕಳಿಸಿ ತರಿಸಿದ ರಬ್ಬರನ್ನು ಒತ್ತಿ ತಳ್ಳಿದ ಮೇಲೆಯೇ ಕಾರ್ಬೊರೇಟರ್ ಒಳಹೋಯಿತು. ಈಗ ಆಕ್ಸಿಲರೇಟರ್ ಬಿಟ್ಟೊಡನೆ ಇಂಜಿನ್ ಇಳಿಯುತ್ತದೆ. ಆದರೆ ಎಡಗಡೆಯ ಪ್ಲಗ್ ಈಗ ಕಪ್ಪಾಗುತ್ತಿದೆ, ಎಳೆತವೂ ಮಂಕು.

ಉತ್ತರ:
ಕಪ್ಪು ಎಂದರೆ ಪೆಟ್ರೋಲ್ ಹೆಚ್ಚಾಗಿದೆ. ಸೋರಿಕೆಯನ್ನು ಮುಚ್ಚಿಡಲು ಯಾರೋ ಎಡಗಡೆಗೆ ದೊಡ್ಡ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಹಾಕಿರಬೇಕು. ಎರಡೂ ಮೇನ್ ಜೆಟ್ ಬಿಚ್ಚಿ, ಮೇಲೆ ಕೊರೆದ ಸಂಖ್ಯೆಗಳನ್ನು ಓದಿ.

ಹಾಸನದಿಂದ:
ಎಡಗಡೆಯದು ಎರಡು ಅಳತೆ ದೊಡ್ಡದಿತ್ತು ಸರ್. ಬಲಗಡೆಯ ಸಂಖ್ಯೆಯದನ್ನೇ ಹಾಕಿಸಿದೆ. ಇವತ್ತು ಸಕಲೇಶಪುರದವರೆಗೆ ನಿಧಾನವಾಗಿ ಹೋಗಿಬಂದೆ. ಪ್ಲಗ್ ಎರಡೂ ಕಂದು.