ಅಪ್‌ಡೇಟ್: ಹ್ಯಾಸ್ಕೆಲ್‌ನ ‘ಮೇಬಿ’ ಎರರ್ ಕೊನೆಗೂ ಬಗೆಹರಿಯಿತು

ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಮಾನಿನ ಬೆಲೆಯನ್ನು ಪಟ್ಟಿಯಲ್ಲಿ ಹುಡುಕಿ (ಲುಕಪ್), ಸಿಕ್ಕ ಬೆಲೆಗೆ 10 ಕೂಡಿಸಲು ಹೋದರೆ ಟೈಪ್ ಎರರ್ (ಮೌಲ್ಯದ ಬಗೆ ಹೊಂದದ ತಪ್ಪು) ಬರುತ್ತಿದೆ ಅಂತ ಹೋದ ವಾರ ಕೇಳಿದ್ದೆ. ಲುಕಪ್ ಕೊಡುವುದು ಬರೀ ಸಂಖ್ಯೆಯಲ್ಲ, ‘ಮೇಬಿ’: ಬೆಲೆ ಸಿಕ್ಕರೆ ‘ಜಸ್ಟ್’ ಒಳಗೆ ಆ ಬೆಲೆ, ಸಿಗದಿದ್ದರೆ ‘ನಥಿಂಗ್’. ಈಗ ಸರಿಹೋಯಿತು, ಎಲ್ಲರಿಗೂ ಥ್ಯಾಂಕ್ಸ್.

ಮೊದಲು, ಜಸ್ಟ್ ಒಳಗಿನ ಬೆಲೆಯನ್ನು ನೇರವಾಗಿ ಹೊರತೆಗೆಯುವ ಫ್ರಮ್‌ಜಸ್ಟ್ ಹಾಕಿ ನೋಡಿದೆ. ಕಂಪೈಲ್ ಏನೋ ಆಯಿತು, ಆದರೆ ಪಟ್ಟಿಯಲ್ಲಿ ಇಲ್ಲದ ಸಾಮಾನಿನ ಹೆಸರು ಕೊಟ್ಟ ತಕ್ಷಣ ಪ್ರೋಗ್ರಾಂ ನಿಂತೇ ಹೋಯಿತು. ನಿಜವಾಗಿ ಕೆಲಸಕ್ಕೆ ಬಂದಿದ್ದು, ಜಸ್ಟ್ ಮತ್ತು ನಥಿಂಗ್ ಎರಡಕ್ಕೂ ಮೊದಲು ಕೇಸ್ (ಯಾವುದು ಬಂದರೆ ಏನು ಮಾಡಬೇಕು ಅನ್ನುವುದು) ಬರೆದು ಆಮೇಲೆ ಎಫ್‌ಮ್ಯಾಪ್‌ಗೆ ಬನ್ನಿ ಅನ್ನುವ ಸಲಹೆ. ಕೈಯಾರೆ ಬರೆದ ಮೇಲೇ ಅರ್ಥವಾಯಿತು, ಎಫ್‌ಮ್ಯಾಪ್ ಮಾಡುವುದೂ ಅದನ್ನೇ: ಬೆಲೆ ಇದ್ದರೆ ಕೂಡಿಸುತ್ತದೆ, ನಥಿಂಗ್ ಇದ್ದರೆ ಹಾಗೇ ಬಿಡುತ್ತದೆ.

ಇನ್ನೊಂದು ವಿಷಯ ತುಂಬಾ ಖುಷಿ ಕೊಟ್ಟಿತು. ಏನು ಬರೆಯಬೇಕೋ ತಿಳಿಯದಿದ್ದರೆ, ಸಮ ಚಿಹ್ನೆಯ ಬಲಗಡೆ ಆ ಜಾಗದಲ್ಲಿ ಸುಮ್ನೆ ಒಂದು ಅಂಡರ್‌ಸ್ಕೋರ್ ಇಡಿ. ಅಲ್ಲಿ ಯಾವ ಟೈಪ್ ಬೇಕು ಅಂತ ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರೇ ಹೇಳುತ್ತದೆ. 2014ರ 7.8 ಆವೃತ್ತಿಯಿಂದಲೂ ಈ ಸೌಲಭ್ಯ ಇದೆಯಂತೆ.